ಗಂಡಸರ ರಿಪೋರ್ಟು

ಕಳೆದ ತಿಂಗಳು ನಮ್ಮ ಹಳೆಯ ಸಂಸ್ಥೆಯಲ್ಲಿ, ನನ್ನ ಪಿಎಚ್‌ಡಿ ಗೈಡ್ ಆಗಿದ್ದ ಮೇಡಂ ಅವರಿಗೆ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಫೋಟೋಗೆ ಗುಲಾಬಿ ಹಾರ, ಮುಂದೆ ದೀಪ, ಬಂದವರಿಗೆ ನೀರಿನ ಬಾಟಲಿ. ಈಗ ಆ ಸಂಸ್ಥೆಗೆ ನಿರ್ದೇಶಕರಾಗಿರುವ ಮನುಷ್ಯ ಮೈಕಿನ ಮುಂದೆ ನಿಂತು, "ಅವರದು ಅತ್ಯಂತ ಸೌಮ್ಯ ಸ್ವಭಾವ. ಯಾರೊಂದಿಗೂ ದನಿ ಏರಿಸಿದವರಲ್ಲ" ಎಂದರು. ನಾನು ಎದ್ದು ಹೊರಗೆ ಬಂದೆ.

ಮೇಡಂ ದನಿ ಏರಿಸುತ್ತಿದ್ದರು. ಅದೇ ಮನುಷ್ಯನ ಕೋಣೆಯಲ್ಲಿ, ಬಾಗಿಲು ತೆರೆದೇ ಇಟ್ಟು, ಕಾರಿಡಾರಿನ ಆ ತುದಿಯಲ್ಲಿದ್ದ ನಮಗೆಲ್ಲ ಕೇಳಿಸುವ ಹಾಗೆ ಏರಿಸಿದ್ದರು. ಬದುಕಿದ್ದಾಗ ಅವರ ಪ್ರಯೋಗಾಲಯ ಕಿತ್ತುಕೊಂಡವರು ಸತ್ತ ಮೇಲೆ ಸಿಟ್ಟನ್ನೂ ಕಿತ್ತುಕೊಂಡರು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಸಂಸ್ಥೆಯ ಹೆಸರನ್ನೂ ಬರೆಯುವುದಿಲ್ಲ. ಬರೆದರೆ, ಇದು ಅಲ್ಲಿಯ ಕಥೆ, ನಮ್ಮದಲ್ಲ ಎಂದು ಉಳಿದವರು ನಿರಾಳವಾಗಿಬಿಡುತ್ತಾರೆ.

ಹಾಸನದಿಂದ ಪಿಎಚ್‌ಡಿಗೆಂದು ಬಂದಿದ್ದ ನಾನು ಆಗಿನ್ನೂ ದೆಹಲಿಯ ಮೆಟ್ರೋ ಸ್ಟೇಷನ್ನುಗಳಲ್ಲಿ ತಪ್ಪು ಗೇಟಿನಿಂದ ಹೊರಬೀಳುತ್ತಿದ್ದೆ. ಮೇಡಂ ತಿಪಟೂರಿನ ಕಡೆಯವರು, ಮದುವೆಯಾಗಿ ಬಂದು ದೆಹಲಿಯಲ್ಲೇ ನಿಂತವರು. ಗಂಡಸರ ವೀರ್ಯದ ಮೇಲೆ ಸಂಶೋಧನೆ ಅವರದು. ವೀರ್ಯಾಣುಗಳು ಎಷ್ಟು ಚಲಿಸುತ್ತವೆ, ಅವುಗಳ ಆಕಾರ ಹೇಗಿದೆ ಎಂದು ಅಳೆಯುವ ಕೆಲಸ. ಮೊದಲ ದಿನ ಪರಿಚಯ, ಯೋಗಕ್ಷೇಮ ಏನೂ ಇಲ್ಲ. "ಬಾರೇ ಇಲ್ಲಿ" ಎಂದು ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು.

"ಏನು ಕಾಣುತ್ತೆ?"

"ಓಡಾಡ್ತಿವೆ ಮೇಡಂ."

"ಯಾವುದು?"

"ಎಲ್ಲಾ."

"ಎಲ್ಲಾನಾ? ಇನ್ನೊಂದು ಸಲ ನೋಡು."

ಇನ್ನೊಂದು ಸಲ ನೋಡಿದೆ. ಕೆಲವು ನೇರವಾಗಿ ಮುಂದೆ ಹೋಗುತ್ತಿದ್ದವು. ಕೆಲವು ನಿಂತಲ್ಲೇ ಬಾಲ ಬಡಿಯುತ್ತ ಗಿರಕಿ ಹೊಡೆಯುತ್ತಿದ್ದವು. ಆಮೇಲೆ ನಿಧಾನವಾಗಿ, ಅಲುಗಾಡದೆ ಬಿದ್ದಿದ್ದ ಎಷ್ಟೋ ಕಂಡವು. ಅವು ಮೊದಲಿಂದಲೂ ಅಲ್ಲೇ ಇದ್ದವು.

"ಕಣ್ಣು ಓಡೋದರ ಹಿಂದೇನೇ ಹೋಗುತ್ತೆ ಕಣೇ. ದಡ್ಡರ ಕೈಲಿ ಎಣಿಸೋಕೆ ಕೊಟ್ಟರೆ ಲೋಕದ ಗಂಡಸರೆಲ್ಲ ಶೂರರೇ. ನಿನಗೆ ಬೇಕಾದ್ದನ್ನ ಎಣಿಸಬೇಡ. ಇರೋದನ್ನ ಎಣಿಸು."

ಹೀಗೆ ಶುರುವಾಯಿತು ನನ್ನ ಪಾಠ. ಮುಂದೆ ಹೋಗುವವು, ಇದ್ದಲ್ಲೇ ಒದ್ದಾಡುವವು, ನಿಶ್ಚಲವಾದವು: ಮೂರು ಗುಂಪು. ಎರಡು ಸಲ ಎಣಿಸಿ, ಎರಡೂ ತಾಳೆಯಾಗದಿದ್ದರೆ ಮತ್ತೆ ಮೊದಲಿಂದ. ಆಕಾರ ನೋಡುವುದಕ್ಕೆ ಸ್ಲೈಡಿನ ಮೇಲೆ ತೆಳ್ಳಗೆ ಹರಡಿ, ಒಣಗಿಸಿ, ಬಣ್ಣ ಹಾಕಬೇಕು. ಆಗ ಕಾಣುತ್ತಿದ್ದ ಲೋಕವೇ ಬೇರೆ. ಎರಡು ತಲೆಯವು, ಕತ್ತು ಮುರಿದವು, ಬಾಲ ಸುರುಳಿ ಸುತ್ತಿದವು. ನೂರರಲ್ಲಿ ನಾಲ್ಕು ಸರಿಯಾದ ಆಕಾರದಲ್ಲಿದ್ದರೂ ಚಿಂತೆಯಿಲ್ಲ ಎಂದು ಅವರು ಹೇಳಿದಾಗ ನಾನು ನಂಬಲಿಲ್ಲ. "ಹೌದೇ, ಆರೋಗ್ಯವಂತ ಗಂಡಸಿನಲ್ಲೂ ಸೊಟ್ಟವೇ ಜಾಸ್ತಿ" ಎಂದರು. "ಇದನ್ನ ಓಟದ ಪಂದ್ಯ ಅಂತ ಪುಸ್ತಕದಲ್ಲಿ ಬರೀತಾರಲ್ಲ, ಗೆದ್ದ ವೀರ ಅಂತ, ಅವರನ್ನ ಕರಕೊಂಡು ಬಂದು ಇಲ್ಲಿ ಕೂರಿಸಬೇಕು."

ಅವರಿಗೆ ಸಿಟ್ಟು ಬರುತ್ತಿದ್ದ ಕಾರಣಗಳು ಬೇರೆಯವರಿಗೆ ಸಣ್ಣವಾಗಿ ಕಾಣುತ್ತಿದ್ದವು. ಸ್ಯಾಂಪಲ್ ಕೊಡುವ ಗಂಡಸರಿಗೆಂದು ಮೆಟ್ಟಿಲ ಪಕ್ಕ ಒಂದು ಕೋಣೆ ಇತ್ತು. ಅದರ ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಆಡಳಿತ ವಿಭಾಗಕ್ಕೆ ಎಷ್ಟು ಸಲ ಬರೆದರೂ ಫೈಲ್ ನಡೆಯುತ್ತಿದೆ ಎಂಬ ಉತ್ತರ. ಒಂದು ದಿನ ಅವರೇ ಆ ಅಧಿಕಾರಿಯ ಮೇಜಿನ ಮುಂದೆ ಹೋಗಿ ನಿಂತು, "ಚಿಲಕ ಇಲ್ಲದ ಕೋಣೆಯಲ್ಲಿ ನಿಮ್ಮ ಮಗನನ್ನ ಕೂರಿಸ್ತೀರಾ? ನೀವು ಕೂರ್ತೀರಾ?" ಎಂದು ಹಿಂದಿಯಲ್ಲಿ ಕೇಳಿದರು. ಆತ ಕಕ್ಕಾಬಿಕ್ಕಿಯಾದರು, ಚಿಲಕ ಮಾತ್ರ ಬರಲಿಲ್ಲ. ಮಧ್ಯಾಹ್ನ ಮೇಡಂ ಭೋಗಲ್ ಮಾರ್ಕೆಟ್ಟಿಗೆ ಹೋಗಿ ಚಿಲಕ, ಸ್ಕ್ರೂ ತಂದು, ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾವೇ ಹಾಕಿದರು. ಸೊಟ್ಟಗೆ ಕೂತಿತ್ತು. ಆದರೆ ಭದ್ರವಾಗಿ ಬೀಳುತ್ತಿತ್ತು.

ಜನವರಿಯ ಚಳಿಯಲ್ಲಿ ಸ್ಯಾಂಪಲ್ ತಣ್ಣಗಾದರೆ ವೀರ್ಯಾಣುಗಳ ಚಲನೆ ಕುಗ್ಗುತ್ತದೆ, ಲೆಕ್ಕ ತಪ್ಪುತ್ತದೆ. ಆ ಕೋಣೆಯಿಂದ ನಮ್ಮ ಪ್ರಯೋಗಾಲಯಕ್ಕೆ ತೆರೆದ ವರಾಂಡ ದಾಟಬೇಕು. ಮೇಡಂ ಡಬ್ಬಿಯನ್ನು ಸ್ವೆಟರಿನ ಒಳಗೆ ಕಂಕುಳಲ್ಲಿ ಇಟ್ಟುಕೊಂಡು ಮಂಜಿನಲ್ಲಿ ದಾಪುಗಾಲು ಹಾಕಿ ಬರುತ್ತಿದ್ದರು. ನೋಡಿದವರು ಮೂಗು ಮುರಿಯುತ್ತಿದ್ದರು. ನಮ್ಮ ಜೊತೆಗಿದ್ದ ಒಬ್ಬ ವಿದ್ಯಾರ್ಥಿ, ಒಳಗೆ ಹೋದ ಗಂಡಸು ಬೇಗ ಬಂದನೆಂದೋ ತಡವಾಗಿ ಬಂದನೆಂದೋ ನಕ್ಕ. ಅವತ್ತೇ ಅವನನ್ನು ಬೇರೆ ಗೈಡ್ ಹುಡುಕಿಕೋ ಎಂದು ಕಳಿಸಿಬಿಟ್ಟರು. ಅವನ ತಂದೆ ಫೋನ್ ಮಾಡಿ ಬೇಡಿಕೊಂಡರೂ ಬಗ್ಗಲಿಲ್ಲ.

ನಾನು ಅಮ್ಮನಿಗೆ ನನ್ನ ಕೆಲಸವನ್ನು "ಜೀವಕೋಶಗಳ ಅಧ್ಯಯನ" ಎಂದು ಹೇಳಿಟ್ಟಿದ್ದೆ. ಒಂದು ದಿನ ಫೋನಿನಲ್ಲಿ ಹಾಗೆ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡ ಮೇಡಂ ನನ್ನ ಕೈಯಿಂದ ಫೋನ್ ಕಸಿದುಕೊಂಡರು. "ನಮಸ್ಕಾರ ಕಣಮ್ಮ. ನಿಮ್ಮ ಮಗಳು ವೀರ್ಯಾಣು ಎಣಿಸ್ತಾಳೆ. ಚೆನ್ನಾಗಿ ಎಣಿಸ್ತಾಳೆ. ನಾಚಿಕೆ ಪಡೋ ಕೆಲಸ ಅಲ್ಲ." ಆಮೇಲೆ ಅಮ್ಮ ಕೇಳಿದ್ದು, "ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಾ?"

ಮದುವೆಯಾಗಿಲ್ಲ, ಅದಕ್ಕೇ ಈ ಸಿಟ್ಟು ಎಂದು ಕ್ಯಾಂಟೀನಿನಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದರು. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮೇಡಂಗೆ ಗಂಡ ಇದ್ದರು, ಇಬ್ಬರು ಹೆಣ್ಣುಮಕ್ಕಳಿದ್ದರು. ಯಜಮಾನರು ಕೇಂದ್ರ ಸರ್ಕಾರದಲ್ಲಿ ಅಧಿಕಾರಿ, ಮಿತಭಾಷಿ. ಭಾನುವಾರ ಅವರದೇ ಅಡುಗೆ. ಮೇಡಂ ಊಟಕ್ಕೆ ಕೂತು ಯಾರನ್ನೋ ಬಯ್ಯತೊಡಗಿದರೆ ಕಿರಿಯ ಮಗಳು, "ಅಮ್ಮಾ, ಪ್ಲೀಸ್, ಖಾನಾ ತೋ ಖಾ ಲೋ. ಆಮೇಲೆ ಗುಸ್ಸಾ ಮಾಡು" ಅನ್ನುತ್ತಿದ್ದಳು, ಮೊದಲು ಊಟ, ಆಮೇಲೆ ಸಿಟ್ಟು ಎಂದು. ಆ ಮನೆಯಲ್ಲಿ ಸಿಟ್ಟೂ ಸಾರು, ಪಲ್ಯದ ಜೊತೆ ಬಡಿಸುವ ಒಂದು ಪದಾರ್ಥವಾಗಿತ್ತು.

ಇನ್ನು ಮುಖ್ಯ ವಿಷಯ. ಕಾರ್ಖಾನೆಗಳಲ್ಲಿ ಬಣ್ಣ ಸಿಂಪಡಿಸುವ ವಿಭಾಗದಲ್ಲಿ ದುಡಿಯುವ ಗಂಡಸರ ವೀರ್ಯದ ಮೇಲೆ ಅಲ್ಲಿನ ಬಿಸಿ ಮತ್ತು ರಾಸಾಯನಿಕಗಳ ಪರಿಣಾಮ ಏನು ಎಂಬುದು ಆಗ ನಮ್ಮ ಅಧ್ಯಯನದ ವಿಷಯ. ಮಾನೇಸರದ ಒಂದು ಬಿಡಿಭಾಗಗಳ ಕಾರ್ಖಾನೆಯವರು ಒಪ್ಪಿಕೊಂಡಿದ್ದರು. ವಾರದ ರಜೆಯ ದಿನ ಒಂದು ವ್ಯಾನಿನಲ್ಲಿ ಕೆಲಸಗಾರರು ನಮ್ಮಲ್ಲಿಗೆ ಬರುತ್ತಿದ್ದರು. ಪ್ರತಿಯೊಬ್ಬನೂ ಎರಡು ಸಲ ಸ್ಯಾಂಪಲ್ ಕೊಡಬೇಕಿತ್ತು. ಆದರೆ ಫಲಿತಾಂಶವನ್ನು ಅವರಿಗೆ ತಿಳಿಸುವಂತಿಲ್ಲ ಎಂಬುದು ಸಂಸ್ಥೆಯ ನಿಯಮ. ಇದು ಸಂಶೋಧನೆ, ಚಿಕಿತ್ಸೆಯಲ್ಲ ಎಂಬ ವಾದ. ಮೊದಲ ದಿನದಿಂದಲೇ ಮೇಡಂ ಇದನ್ನು ವಿರೋಧಿಸಿ ಎಥಿಕ್ಸ್ ಕಮಿಟಿಗೆ ಬರೆಯುತ್ತ ಬಂದಿದ್ದರು. "ಅವರ ಮೈಯಿಂದ ತಗೊಂಡಿದ್ದು. ಅವರಿಗೆ ಹೇಳಬಾರದು ಅಂದರೆ ಏನು ಅರ್ಥ?" ಎಂದು ನಮ್ಮನ್ನು ಕೇಳುತ್ತಿದ್ದರು, ನಿಯಮ ಮಾಡಿದವರು ನಾವೇ ಏನೋ ಎಂಬಂತೆ.

ಅವರಲ್ಲಿ ಒಬ್ಬನನ್ನು ಸುರೇಂದರ್ ಎಂದು ಕರೆಯುತ್ತೇನೆ. ಪಟೌದಿ ಕಡೆಯ ಹಳ್ಳಿಯವನು, ಎತ್ತರದ ಆಳು, ಮಾತು ಕಡಿಮೆ. ಅವನ ಮೊದಲ ಸ್ಯಾಂಪಲನ್ನು ನಾನೇ ನೋಡಿದ್ದೆ. ಮುಂದೆ ಸಾಗುವುದು ಒಂದೂ ಇರಲಿಲ್ಲ. ಮತ್ತೆ ಎಣಿಸು ಎಂದರು ಮೇಡಂ. ಮತ್ತೆ ಎಣಿಸಿದೆ. ಆಮೇಲೆ ಅವರೇ ಕೂತು ಎಣಿಸಿದರು. ಬಣ್ಣ ಹಾಕಿದ ಸ್ಲೈಡಿನಲ್ಲಿ ಆಕಾರವೂ ತೀರಾ ಕೆಟ್ಟಿತ್ತು.

ಎರಡನೆಯ ಸಲ ಅವನು ವ್ಯಾನಿನಲ್ಲಿ ಬರಲಿಲ್ಲ. ಹೆಂಡತಿ ಮತ್ತು ತಾಯಿಯ ಜೊತೆ ಬಂದ. ಹೆಂಡತಿ, ಅವಳನ್ನು ಸುನೀತಾ ಎನ್ನೋಣ, ಅದೇ ದಿನ ದೆಹಲಿಯ ಒಂದು ಕ್ಲಿನಿಕ್ಕಿಗೆ ತೋರಿಸಿಕೊಳ್ಳಬೇಕಿತ್ತು. ಅವನು ಒಳಗೆ ಹೋದಾಗ ಅತ್ತೆ ಸೊಸೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಬಿಳಿ ಕೋಟಿನ ಮೇಡಂ ಹಾದುಹೋಗುವುದನ್ನು ಕಂಡು ಅತ್ತೆ, "ಡಾಕ್ಟರ್‌ನೀ ಜೀ, ಇವಳನ್ನೂ ಸ್ವಲ್ಪ ನೋಡಿ. ಬಾಂಝ್ ಹೈ" ಎಂದಳು. ಬಂಜೆ. ಆ ಮಾತನ್ನು ಅವಳು ಯಾವುದೇ ದ್ವೇಷವಿಲ್ಲದೆ, ಸೊಸೆಯ ಊರಿನ ಹೆಸರು ಹೇಳುವಂತೆ ಹೇಳಿದಳು.

ಮೇಡಂ ನಿಂತರು. ಸುನೀತಾಳ ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಚೀಲ ನೋಡಿ, "ಏನಿದು?" ಎಂದರು.

"ರಿಪೋರ್ಟ್, ಮೇಡಂ."

ಮೇಡಂ ಅವಳ ಪಕ್ಕ ಕೂತು ಚೀಲ ಬಿಚ್ಚಿದರು. ರಕ್ತಪರೀಕ್ಷೆ, ಸ್ಕ್ಯಾನ್, ಗರ್ಭನಾಳದ ಎಕ್ಸ್‌ರೇ, ಇಂಜೆಕ್ಷನ್ ಚೀಟಿಗಳು. ಎರಡು ಸಲ ಹೊಟ್ಟೆ ಕೊಯ್ದು ಒಳಗೆ ಕ್ಯಾಮೆರಾ ಇಳಿಸಿ ನೋಡಿದ್ದರು. ಎರಡು ಸಲವೂ ಎಲ್ಲ ಸರಿಯಿದೆ ಎಂದು ಬರೆದಿತ್ತು. ಮೂರನೆಯ ಸಲ ನೋಡೋಣ ಎಂದು ಕ್ಲಿನಿಕ್ಕಿನವರು ಹೇಳಿದ್ದರು. ಮೇಡಂ ಒಂದೊಂದೇ ಹಾಳೆ ತಿರುವಿ, ತಿರುವಿ, ಕೊನೆಯದಕ್ಕೆ ಬಂದು ತಲೆ ಎತ್ತಿದರು.

"ಇದರಲ್ಲಿ ಗಂಡಸಿನ ರಿಪೋರ್ಟು ಎಲ್ಲಿ?"

ಅತ್ತೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾರದ್ದು? ನನ್ನ ಮಗನದ್ದಾ? ಅವನಿಗೇನಾಗಿದೆ? ಕಾರಿನ ಬಾಗಿಲನ್ನ ಒಬ್ಬನೇ ಎತ್ತುತ್ತಾನೆ!"

ಸುನೀತಾ ಮಾತ್ರ ಮೇಡಂ ಮುಖವನ್ನು ನೋಡಿದಳು. ಮೇಡಂ ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿ ಕೊಟ್ಟು ಒಳಗೆ ಬಂದರು. ಬಾಗಿಲು ಹಾಕಿಕೊಂಡು, ಉಕ್ಕಿನ ಬೀರುವಿಗೆ ಅಂಗೈಯಿಂದ ಹೊಡೆದರು. ಮೇಲಿದ್ದ ಗಾಜಿನ ಪಾತ್ರೆಗಳು ಗಡಗಡ ಎಂದವು. ಎರಡನೆಯ ಸ್ಯಾಂಪಲನ್ನು ಅವತ್ತು ಅವರೇ ನೋಡಿದರು. ಮೊದಲಿನ ಹಾಗೆಯೇ ಇತ್ತು.

ನೇರವಾಗಿ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದರು. ಈಗಿನ ನಿರ್ದೇಶಕರೇ ಆಗಿನ ಮುಖ್ಯಸ್ಥರು. ಬಾಗಿಲು ತೆರೆದಿತ್ತು ಎಂದೆನಲ್ಲ, ಮಾತೆಲ್ಲ ನಮಗೆ ಕೇಳಿಸುತ್ತಿತ್ತು.

"ಆ ಹುಡುಗನಿಗೆ ಹೇಳಬೇಕು. ಅನುಮತಿ ಕೊಡಿ."

"ನೀವು ಚಿಕಿತ್ಸೆ ಕೊಡೋ ಡಾಕ್ಟರ್ ಅಲ್ಲ. ಯಾವುದಾದರೂ ಆಸ್ಪತ್ರೆಗೆ ತೋರಿಸಿಕೋ ಅಂತ ಸುಮ್ಮನೆ ಹೇಳಿ ಕಳಿಸಿ."

"ಸುಮ್ಮನೆ ಹೇಳಿದರೆ ಅವನು ಹೋಗಲ್ಲ. ಅಲ್ಲಿ ಹೆಂಡತಿಗೆ ಮೂರನೇ ಸಲ ಅನಸ್ತೇಶಿಯಾ ಕೊಡೋಕೆ ಹೊರಟಿದ್ದಾರೆ."

"ಇವತ್ತು ಒಬ್ಬನಿಗೆ ಹೇಳಿದರೆ ನಾಳೆ ಎಲ್ಲರೂ ಕೇಳ್ತಾರೆ."

"ಕೇಳಲಿ! ಅವರದ್ದಲ್ವಾ?"

"ಕಾರ್ಖಾನೆಯವರು ಒಪ್ಪಿದ್ದೇ ದೊಡ್ಡದು. ಪೇಪರ್ ಪ್ರಕಟವಾಗೋವರೆಗೆ ತಡೆಯಿರಿ."

ಆಗ ಮೇಡಂ ಕೂಗಿದರು. "ಪೇಪರ್ ಬರೋವರೆಗೆ ಅವಳ ಹೊಟ್ಟೆ ಕೊಯ್ತಾ ಇರಲಿ ಅಂತೀರಾ?" ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಮೈಕಿನ ಮುಂದೆ ನಿಂತ ಮನುಷ್ಯನಿಗೆ ಮರೆತುಹೋಗಿರುವುದು ಅದೇ.

ಅನುಮತಿ ಸಿಗಲಿಲ್ಲ. ಮುಂದಿನ ವಾರ ಮೇಡಂ ಸುರೇಂದರನನ್ನು ಒಬ್ಬನೇ ಬಾ ಎಂದು ಕರೆಸಿದರು. ಹೊಸ ಸ್ಯಾಂಪಲ್ ತೆಗೆದುಕೊಂಡು, ಅವನನ್ನೇ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಅವನು ಬಹಳ ಹೊತ್ತು ನೋಡಿದ.

"ಕುಛ್ ಹಿಲ್ ನಹೀ ರಹಾ, ಮೇಡಂ," ಎಂದ. ಏನೂ ಅಲುಗಾಡುತ್ತಿಲ್ಲ.

"ಹೌದು."

"ಯೇ ಮೇರಾ ಹೈ?"

"ನಿನ್ನದೇ."

ಅವನ ಜೊತೆ ಮಾತಾಡುವಾಗ ಮೇಡಂ ದನಿಯಲ್ಲಿ ಸಿಟ್ಟಿರಲಿಲ್ಲ. ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದರು. ಇದು ಬಣ್ಣದ ಕೆಲಸದಿಂದ ಆಗಿರಬಹುದು, ಆಗಿರದೆಯೂ ಇರಬಹುದು. ತಮಗೂ ಇನ್ನೂ ಗೊತ್ತಿಲ್ಲ. ಇದು ಗಂಡಸುತನದ ಪ್ರಶ್ನೆಯಲ್ಲ, ಒಂದು ತೊಂದರೆ ಅಷ್ಟೇ; ನೋಡುವ ವೈದ್ಯರಿದ್ದಾರೆ. ಅವನು ತಲೆ ತಗ್ಗಿಸಿ ಕೇಳಿ, ಕೊನೆಗೆ ಕೈ ಮುಗಿದ. "ಅಮ್ಮನಿಗೆ ಹೇಳಬೇಡಿ."

"ನಾನು ಯಾರಿಗೂ ಹೇಳಲ್ಲ. ಇದು ನಿನ್ನ ಮೈಯಿಂದ ಬಂದದ್ದು, ನಿನ್ನದು. ಆದರೆ ಅವಳ ಮೈ ನಿನ್ನದಲ್ಲ. ಅದನ್ನ ಮತ್ತೆ ಕೊಯ್ಯೋಕೆ ಬಿಡಬೇಡ. ಮನೆಯಲ್ಲಿ ನೀನೇ ಹೇಳು."

ಹೇಳ್ತೀನಿ ಎಂದ. ಹೇಳಲಿಲ್ಲ.

ಹೇಳಲಿಲ್ಲ ಎಂದು ನಮಗೆ ಗೊತ್ತಾದದ್ದು ಸುನೀತಾಳಿಂದ. ಬೇಸಿಗೆ ಶುರುವಾದಾಗ ಒಂದು ಬೆಳಿಗ್ಗೆ, ಯಾರಿಗೂ ಹೇಳದೆ ಬಸ್ಸು ಹಿಡಿದು ಅವಳು ಒಬ್ಬಳೇ ಬಂದಳು. ಮೂರನೆಯ ಆಪರೇಷನ್ನಿಗೆ ದಿನ ನಿಗದಿಯಾಗಿತ್ತು. ಅದಾದ ಮೇಲೂ ಮಗುವಾಗದಿದ್ದರೆ ತವರಿಗೆ ಕಳಿಸಿ ಮಗನಿಗೆ ಬೇರೆ ಹುಡುಗಿ ತರುವುದೆಂದು ಅತ್ತೆ ನೆಂಟರ ಮುಂದೆ ಹೇಳಿಬಿಟ್ಟಿದ್ದಳು. ಸುರೇಂದರ್ ಅಲ್ಲೇ ಕೂತಿದ್ದನಂತೆ. ತಟ್ಟೆಯಿಂದ ತಲೆ ಎತ್ತಲಿಲ್ಲವಂತೆ.

ಸುನೀತಾ ಮೇಜಿನ ಆಚೆ ನಿಂತೇ ಕೇಳಿದಳು. "ಗಂಡಸಿನ ರಿಪೋರ್ಟು ಎಲ್ಲಿ ಅಂತ ಅವತ್ತು ಕೇಳಿದಿರಲ್ಲ. ನಿಮ್ಮ ಹತ್ತಿರ ಇದೆಯಾ?"

ಮೇಡಂ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಒಂದು ಮಾತು ಸಾಕಿತ್ತು. ಆ ಮಾತು ಅವರದಾಗಿರಲಿಲ್ಲ.

"ನಾನು ಯಾವ ಗಂಡಸಿನ ರಿಪೋರ್ಟನ್ನೂ ಬೇರೆಯವರಿಗೆ ಹೇಳೋ ಹಾಗಿಲ್ಲ. ಹೇಳಲ್ಲ. ಆದರೆ ಯಾವ ಹೆಂಗಸು ಬಂದು ಕೇಳಿದ್ರೂ ಒಂದು ಮಾತು ಹೇಳ್ತೀನಿ, ನಿನಗೂ ಹೇಳ್ತೀನಿ. ಗಂಡನ ಪರೀಕ್ಷೆ ಆಗದೆ ಟೇಬಲ್ ಮೇಲೆ ಮಲಗಬೇಡ. ಯಾರು ಎಳೆದ್ರೂ ಮಲಗಬೇಡ. ಮೊದಲು ಅವನನ್ನ ಪರೀಕ್ಷೆ ಮಾಡಿಸಿ ಅನ್ನು. ಬೇಡ ಅಂದ್ರೆ, ಯಾಕೆ ಬೇಡ ಅಂತ ಕೇಳು."

ಸುನೀತಾ ತಲೆಯಾಡಿಸಿದಳು. ನಾನು ಕೊಟ್ಟ ಚಹಾವನ್ನು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಆಪರೇಷನ್ನಿಗೆ ಅವಳು ಹೋಗಲಿಲ್ಲ. ಮನೆಯಲ್ಲಿ ಎಲ್ಲರ ಮುಂದೆ, ಮೊದಲು ಇವರನ್ನ ಪರೀಕ್ಷೆ ಮಾಡಿಸಿ ಎಂದಳಂತೆ. ಅವಳನ್ನು ಹೊಡೆದು ತವರಿಗೆ ಅಟ್ಟಿದರು. ಈ ಬುದ್ಧಿ ಕಲಿಸಿದ್ದು ಯಾರೆಂದು ಪತ್ತೆಯಾಗಲು ತಡವಾಗಲಿಲ್ಲ. ಸುರೇಂದರನ ತಾಯಿ ನಾಲ್ಕಾರು ಗಂಡಸರನ್ನು ಕರೆದುಕೊಂಡು ಜೀಪಿನಲ್ಲಿ ಬಂದು ಸಂಸ್ಥೆಯ ಗೇಟಿನಲ್ಲಿ ಎದೆ ಬಡಿದುಕೊಂಡು ಅತ್ತಳು. ನಮ್ಮ ಮನೆ ಒಡೆದ ಡಾಕ್ಟರ್‌ನೀ ಎಲ್ಲಿ ಎಂದು ಕೂಗಿದಳು. ಮೇಡಂ ಗೇಟಿಗೆ ಇಳಿದು ಹೋದರು. "ನಾನೇ. ಒಳಗೆ ಬಾ, ಕೂತು ಮಾತಾಡೋಣ." ಅವಳು ಬರಲಿಲ್ಲ. ಸುರೇಂದರ್ ಜೀಪಿನ ಹಿಂದಿನ ಸೀಟಿನಲ್ಲಿದ್ದ. ಅವನು ಇಳಿಯಲೂ ಇಲ್ಲ.

ಮುಖ್ಯಸ್ಥರಿಗೆ ಬೇಕಾಗಿದ್ದುದು ಇಂಥದೇ ಒಂದು ಸಂದರ್ಭ. ಕ್ಷಮಾಪಣೆ ಬರೆದುಕೊಡಿ ಎಂದರು. ಯಾವುದಕ್ಕೆ ಎಂದು ಮೇಡಂ ಕೇಳಿದರು. ಅನುಮತಿಯಿಲ್ಲದೆ ಫಲಿತಾಂಶ ತಿಳಿಸಿದ್ದಕ್ಕೆ; ಸುರೇಂದರನಿಗೆ ಹೇಳಿದ್ದನ್ನು ಮೇಡಂ ಮುಚ್ಚಿಟ್ಟಿರಲಿಲ್ಲ. "ಅವನ ಫಲಿತಾಂಶ ಅವನಿಗೆ ಹೇಳಿದ್ದಕ್ಕಾ?" ಎಂದರು ಮೇಡಂ. ವಿಚಾರಣೆ ನಡೆಯಿತು. ನಾನು ಅವರ ಪರವಾಗಿ ಹೇಳಿಕೆ ಕೊಟ್ಟೆ, ಬರೆದುಕೊಂಡರು, ಅಷ್ಟೇ. ಪ್ರಯೋಗಾಲಯ ಮುಖ್ಯಸ್ಥರ ಶಿಷ್ಯನೊಬ್ಬನ ಪಾಲಾಯಿತು. ಮೇಡಂಗೆ ಗ್ರಂಥಾಲಯದ ಪಕ್ಕ ಕಿಟಕಿಯಿಲ್ಲದ ಕೋಣೆ. ವಾರ್ಷಿಕ ವರದಿಯ ಕರಡು ತಿದ್ದುವುದು ಅವರ ಕೆಲಸವಾಯಿತು. ನಿವೃತ್ತಿಯವರೆಗೆ ಅದನ್ನೇ ಮಾಡಿದರು. ಅದನ್ನೂ ಎಂಥ ಕೋಪದಿಂದ ಮಾಡುತ್ತಿದ್ದರೆಂದರೆ, ತಪ್ಪು ಬರೆದವರು ಆ ಕಡೆ ತಲೆ ಹಾಕುತ್ತಿರಲಿಲ್ಲ.

ಪೇಪರ್ ಪ್ರಕಟವಾಯಿತು. ಬಣ್ಣದ ವಿಭಾಗದವರಲ್ಲಿ ಚಲನೆಯೂ ಆಕಾರವೂ ಕೆಟ್ಟಿವೆ ಎಂದು ಮೇಡಂ ಎಣಿಸಿದ್ದನ್ನೇ ಬರೆದಿದ್ದರು. ಲೇಖಕರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, "ತಾಂತ್ರಿಕ ಸಹಾಯಕ್ಕಾಗಿ" ಧನ್ಯವಾದ ಹೇಳಿದ್ದರು. ಆ ಕೆಲಸಗಾರರಿಗೆ ಈ ವಿಷಯವನ್ನು ಯಾರೂ ತಿಳಿಸಲಿಲ್ಲ. ಅವರಲ್ಲಿ ಎಷ್ಟು ಜನರ ಹೆಂಡತಿಯರು ಪ್ಲಾಸ್ಟಿಕ್ ಚೀಲ ಹಿಡಿದು ಯಾವ ಯಾವ ಬೆಂಚಿನ ಮೇಲೆ ಕೂತಿದ್ದರೋ ಗೊತ್ತಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸುನೀತಾ ತವರಿನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಪರಿಚಯದ ಹೆಂಗಸೊಬ್ಬಳ ಜೊತೆ ದೆಹಲಿಗೆ ಬಂದು ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಗೆ ಸೇರಿದಳು. ಬಂದ ಮೇಲೆ ಮೇಡಂಗೆ ಫೋನ್ ಮಾಡಿದಳು, ನನಗೂ ಪರಿಚಿತಳಾದಳು. ಅತ್ತ ಸುರೇಂದರನಿಗೆ ಎರಡನೆಯ ಹೆಣ್ಣು ನೋಡಿದರು. ಆದರೆ ಸುನೀತಾಳ ಮಾತು ಊರೂರು ದಾಟಿತ್ತು. ಹುಡುಗಿಯ ತಂದೆ, ಮೊದಲು ಹುಡುಗನ ಪರೀಕ್ಷೆಯಾಗಲಿ ಎಂದರು. ಸಂಬಂಧ ಮುರಿಯಿತು. ಆಮೇಲೆ ಇನ್ನೊಂದು ಮುರಿಯಿತು.

ನಿವೃತ್ತಿಯಾದ ಮೇಲೆ ಮೇಡಂ ದ್ವಾರಕಾದ ಒಂದು ಫ್ಲ್ಯಾಟಿನಲ್ಲಿದ್ದರು. ಕಾಯಿಲೆ ಆಗಲೇ ಶುರುವಾಗಿತ್ತು. ನಾನು ಒಂದು ಶನಿವಾರ ಬೆಳಿಗ್ಗೆ ಅವರನ್ನು ನೋಡಲು ಹೋದಾಗ ಸುರೇಂದರ್ ಬಾಗಿಲಲ್ಲಿ ನಿಂತಿದ್ದ. ಕೂದಲು ನೆರೆಯತೊಡಗಿತ್ತು. ಬಣ್ಣದ ವಿಭಾಗ ಬಿಟ್ಟಿದ್ದನಂತೆ, ವೈದ್ಯರಿಗೂ ತೋರಿಸಿಕೊಂಡಿದ್ದನಂತೆ. ಸುನೀತಾಳನ್ನು ವಾಪಸ್ ಕರೆಯಬೇಕು, ನೀವು ಹೇಳಿದರೆ ಬರುತ್ತಾಳೆ ಎಂದ.

ಮೇಡಂ ಅವನನ್ನು ಬಯ್ದ ರೀತಿಯನ್ನು ಇಲ್ಲಿ ಬರೆಯಲಾರೆ. ಹಿಂದಿಯಲ್ಲಿ ಶುರು ಮಾಡಿ, ಸಾಲದೆ ಕನ್ನಡಕ್ಕೆ ಬಂದರು. ಯಜಮಾನರು ಅವನಿಗೆ ನೀರು ತಂದುಕೊಟ್ಟು ಸದ್ದಿಲ್ಲದೆ ಒಳಗೆ ಹೋದರು. ಬಯ್ದು ಸುಸ್ತಾದ ಮೇಲೆ ಮೇಡಂ ಚಪ್ಪಲಿ ಹುಡುಕತೊಡಗಿದರು. "ಚಲೋ. ಅವಳಿಗೆ ನಾನ್ಯಾಕೆ ಹೇಳಲಿ? ನೀನೇ ಹೇಳು."

ಮೂವರೂ ಮೆಟ್ರೋದಲ್ಲಿ ಓಖ್ಲಾಕ್ಕೆ ಹೋದೆವು. ಊಟದ ಬಿಡುವಿನಲ್ಲಿ ಸುನೀತಾ ಗೇಟಿಗೆ ಬಂದಳು. ಹೆಗಲ ಮೇಲೆ ದಾರದ ತುಂಡುಗಳು ಅಂಟಿದ್ದವು. ಅವನನ್ನು ಕಂಡು ಅವಳ ಮುಖ ಬದಲಾಗಲಿಲ್ಲ. ಸುರೇಂದರ್ ಗೋಡೆ ನೋಡುತ್ತ, "ಕಮೀ ಮುಝ್ ಮೇ ಥೀ" ಎಂದ. ಕೊರತೆ ನನ್ನಲ್ಲಿತ್ತು.

ಸುನೀತಾ ಹೆಗಲ ಮೇಲಿನ ಒಂದು ದಾರದ ತುಂಡನ್ನು ಕಿತ್ತು ಬಿಸಾಡಿದಳು.

"ಇಲ್ಲಿ ಹೇಳಿದರೇನು ಬಂತು? ಇಲ್ಲಿ ನನ್ನನ್ನ ಯಾರೂ ಬಾಂಝ್ ಅನ್ನಲಿಲ್ಲ. ಎಲ್ಲಿ ಅಂದರೋ ಅಲ್ಲಿ ಹೋಗಿ ಹೇಳು."

ಬೆಲ್ ಹೊಡೆಯಿತು. ಮೇಡಂ ಕೈ ಹಿಡಿದು ಒಮ್ಮೆ ಒತ್ತಿ ಅವಳು ಒಳಗೆ ಹೋದಳು.

ಹೇಳುತ್ತಾನೆಂದು ನಾನು ನಂಬಿರಲಿಲ್ಲ. ಆದರೆ ಅವನು ಹೇಳಿದ. ತನ್ನ ಮನೆಯ ಅಂಗಳದಲ್ಲಿ, ತಾಯಿ, ಚಿಕ್ಕಪ್ಪಂದಿರು, ಕರೆಸಿದ್ದ ಸುನೀತಾಳ ಅಣ್ಣ ಎಲ್ಲರ ಮುಂದೆ ಹೇಳಿದನಂತೆ. ಅಣ್ಣನಿಂದ ಸುದ್ದಿ ತಿಳಿದ ಸುನೀತಾ ನನಗೆ ಫೋನ್ ಮಾಡಿದಳು. "ಬೋಲ್ ದಿಯಾ ಉಸ್‌ನೇ, ದೀದಿ." ಹೇಳಿಬಿಟ್ಟ ಅಕ್ಕಾ, ಅವನು.

"ಹಾಗಾದರೆ ವಾಪಸ್ ಹೋಗ್ತೀಯಾ?"

"ಕ್ಯೋಂ?" ಎಂದಳು. ಯಾಕೆ ಎಂದು ನನ್ನಿಂದ ನಿಜವಾಗಿಯೂ ತಿಳಿಯಬೇಕಿತ್ತೇನೋ ಎಂಬ ದನಿಯಲ್ಲಿ.

ಆ ಹೊತ್ತಿಗೆ ಮೇಡಂ ಆಸ್ಪತ್ರೆಯಲ್ಲಿದ್ದರು. ಮಧ್ಯಾಹ್ನವೇ ಓಡಿದೆ. ದಿಂಬಿಗೆ ಒರಗಿದ್ದರು, ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡು ಒಂದೂ ಬಿಡದೆ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

"ಅವನ ಅಮ್ಮ ಏನಂದಳಂತೆ?"

"ಏನೂ ಅನ್ನಲಿಲ್ಲವಂತೆ ಮೇಡಂ. ಎದ್ದು ಎಮ್ಮೆಗೆ ನೀರಿಡೋಕೆ ಹೋದಳಂತೆ."

ಮೇಡಂ ಕಣ್ಣು ಬಿಟ್ಟರು. "ಆ ಹುಡುಗಿ ಹೊಟ್ಟೇನ ಎರಡು ಸಲ ಕೊಯ್ದರಲ್ಲೇ. ಅದಕ್ಕೆ? ಅದಕ್ಕೆ ಯಾರು ಏನಂದರು?"

"ಅದಕ್ಕೆ ಯಾರೂ ಏನೂ ಅನ್ನಲಿಲ್ಲ, ಮೇಡಂ."

ಅವರ ಬೆರಳುಗಳಲ್ಲಿ ಒಂದು ಲೋಟ ಹಿಡಿಯುವಷ್ಟೂ ಬಲ ಉಳಿದಿರಲಿಲ್ಲ. ಆದರೂ ಅವರು ತಮ್ಮ ಕೈಯನ್ನು ನನ್ನ ಕೈಯಿಂದ ಕಿತ್ತುಕೊಂಡು ಗೋಡೆಯ ಕಡೆ ಹೊರಳಿದರು.